ಹಳೆಯ ಗಂಜೀಫಾ ಎಲೆಗಳ ಬೆಲೆ

ದೇವನಹಳ್ಳಿಯ ಸುತ್ತಮುತ್ತ ಒಂದು ಗುಂಟೆ ನೆಲದ ಬೆಲೆ ಇಂದು ಎಷ್ಟೆಂದು ಕೇಳಿದರೆ ಬೀದಿಯಲ್ಲಿ ಗೋಲಿಯಾಡುವ ಹುಡುಗನೂ ತಟ್ಟನೆ ಹೇಳಿಬಿಡುತ್ತಾನೆ. 2008ರಲ್ಲಿ ವಿಮಾನ ನಿಲ್ದಾಣ ತೆರೆದಂದಿನಿಂದ ನಮ್ಮ ಕಡೆಯವರೆಲ್ಲರೂ ಆ ಶಾಸ್ತ್ರದಲ್ಲಿ ಪಂಡಿತರೇ ಆಗಿದ್ದಾರೆ. ಆದರೆ ಅದೇ ನೆಲದ ಮೇಲಿರುವ ಹಳೆಯ ಮನೆಯ ಅಟ್ಟದಲ್ಲಿ, ಒಡಕು ಕೊಳಗ, ಮುರಿದ ತೊಟ್ಟಿಲು, ಹಳೆಯ ಪಂಚಾಂಗಗಳ ನಡುವೆ ಧೂಳು ಹಿಡಿದು ಕುಳಿತಿರುವ ವಸ್ತುವಿಗೆ ಬೆಲೆಯುಂಟೆ, ಉಂಟಾದರೆ ಆ ಬೆಲೆ ಯಾವುದರಲ್ಲಿದೆ ಎಂದು ಕೇಳಿ ನೋಡಿ. ದೊಡ್ಡವರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಅಂಥ ಒಂದು ವಸ್ತುವಿನ ವಿಚಾರವಾಗಿ ಇಂದು ನಿಮ್ಮೊಡನೆ ನಾಲ್ಕು ಮಾತು ಆಡಬೇಕೆಂದಿದ್ದೇನೆ. ಅದು ಗಂಜೀಫಾ, ನಮ್ಮ ಹಿಂದಿನವರು ಆಡುತ್ತಿದ್ದ ಚಿತ್ರದ ದುಂಡು ಎಲೆಗಳ ಕಟ್ಟು.

ನಾನು ದೊಡ್ಡಬಳ್ಳಾಪುರದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಹೇಳುವವನು. ಹಳೆಯ ಸಾಮಾನಿನ ವ್ಯಾಪಾರಿಯಲ್ಲ, ಚಿತ್ರಕಾರನೂ ಅಲ್ಲ. ಆದರೂ ಊರಿನಲ್ಲಿ ಯಾರಿಗಾದರೂ ಓದಲು ಬಾರದ ಹಳೆಯ ಕ್ರಯಪತ್ರವೋ ತಾಳೆಗರಿಯೋ ಸಿಕ್ಕಿದರೆ 'ಮೇಷ್ಟ್ರಿಗೆ ತೋರಿಸಿ' ಎನ್ನುವುದು ರೂಢಿ. ಹೀಗೆಯೇ ಒಂದು ಬೇಸಗೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ದೇವನಹಳ್ಳಿ ಕೋಟೆಯೊಳಗಿನ ತನ್ನ ಮನೆಯಿಂದ ಬೈಕಿನ ಮೇಲೆ ಒಂದು ಮರದ ಪೆಟ್ಟಿಗೆಯನ್ನು ತಂದು ನನ್ನ ಮೇಜಿನ ಮೇಲಿಟ್ಟ. ಜಾರುಮುಚ್ಚಳದ ಪೆಟ್ಟಿಗೆ; ಮೇಲೆ ಮಾಸಿದ ಬಳ್ಳಿಯ ಚಿತ್ತಾರ. ಒಳಗೆ ಹಪ್ಪಳದ ಬಿಲ್ಲೆಗಳಂತೆ ಜೋಡಿಸಿದ ದುಂಡು ಎಲೆಗಳು.

"ಸಾರ್, ಬೆಂಗಳೂರಿಂದ ಒಬ್ಬರು ಬಂದು ನೋಡಿದರು. ರಾಜರ ಚಿತ್ರ ಇರುವ ಒಂಬತ್ತು ಎಲೆ ಮಾತ್ರ ಕೊಡಿ, ಉಳಿದದ್ದು ಮಕ್ಕಳಾಟಕ್ಕೆ ಇರಲಿ ಅಂದರು" ಎಂದ. ಆ ಒಂಬತ್ತು ಎಲೆಗಳಿಗೆ ವ್ಯಾಪಾರಿ ಹೇಳಿದ್ದ ಮೊತ್ತ ಹುಡುಗನ ಇಂಜಿನಿಯರಿಂಗ್ ಕಾಲೇಜಿನ ಒಂದು ವರ್ಷದ ಶುಲ್ಕಕ್ಕೆ ಹತ್ತಿರ ಹತ್ತಿರ ಬರುತ್ತಿತ್ತು. ತಂದೆ ತೀರಿಕೊಂಡಿದ್ದಾರೆ. ಮನೆಯಲ್ಲಿ ತಾಯಿ, ಎಂಬತ್ತೈದು ದಾಟಿದ ಅಜ್ಜಿ. ಎರಡು ವಾರದೊಳಗೆ ಉತ್ತರ ಹೇಳಬೇಕಾಗಿತ್ತು. ಆದುದರಿಂದ ಇದು ಬರಿಯ ಕುತೂಹಲದ ಪ್ರಶ್ನೆಯಾಗಿರಲಿಲ್ಲ.

ಮೊದಲಿಗೆ ನನ್ನ ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ಹುಡುಗ ಪೆಟ್ಟಿಗೆ ಬಿಟ್ಟುಹೋದ ಸಂಜೆ, ಮೇಲಿದ್ದ ಒಂದು ಎಲೆಯ ಮೇಲೆ ಕಪ್ಪು ಜಿಡ್ಡು ಕಂಡಿತು. ಪರಶುರಾಮನ ಮಂತ್ರಿಯ ಎಲೆ ಅದು, ಹಸಿರು ನೆಲ. ಮುಖ ಸ್ಪಷ್ಟವಾಗಿ ಕಾಣಲೆಂದು ಕರವಸ್ತ್ರದ ತುದಿಯನ್ನು ಒದ್ದೆ ಮಾಡಿ ಮೆಲ್ಲಗೆ ಒರಸಿದೆ. ಜಿಡ್ಡು ಅಲ್ಲಿಯೇ ಉಳಿಯಿತು. ಹಸಿರು ಕರವಸ್ತ್ರಕ್ಕೆ ಬಂತು. ಮಂತ್ರಿಯ ಭುಜದ ಬಳಿ ಉಗುರಿನಗಲ ಬಿಳಿಯ ತೇಪೆಯೊಂದು ಮೂಡಿ ನನ್ನನ್ನೇ ನೋಡುತ್ತಿತ್ತು. ನೂರು ವರ್ಷ ಯಾರ ಕೈಯಿಂದಲೂ ಆಗದಿದ್ದ ಹಾನಿ ಒಬ್ಬ ಉಪಾಧ್ಯಾಯನ ಸದುದ್ದೇಶದಿಂದ ಅರೆಗಳಿಗೆಯಲ್ಲಿ ಆಯಿತು. ಆ ರಾತ್ರಿ ನನಗೆ ಸರಿಯಾಗಿ ನಿದ್ರೆ ಬರಲಿಲ್ಲ. ಮರುದಿನದಿಂದ ಓದತೊಡಗಿದೆ, ಬಲ್ಲವರನ್ನು ಕೇಳತೊಡಗಿದೆ. ಮುಂದೆ ಹೇಳುವುದೆಲ್ಲ ಆ ತೇಪೆ ಕಲಿಸಿದ ಪಾಠ.

ಗಂಜೀಫಾ ಎಂಬ ಹೆಸರು ಪಾರಸಿಯ ಕಡೆಯಿಂದ ಬಂದದ್ದು. 1527ರಲ್ಲಿ ಬಾಬರನು ಸಿಂಧದಲ್ಲಿದ್ದ ಶಾ ಹಸನನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿಕೊಟ್ಟ ಸಂಗತಿಯನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಅಕ್ಬರನ ಆಸ್ಥಾನದ ಅಬುಲ್ ಫಜಲನು ಐನೆ ಅಕ್ಬರಿಯಲ್ಲಿ ಹನ್ನೆರಡು ಜಾತಿಗೆ ಹನ್ನೆರಡರಂತೆ 144 ಎಲೆಗಳ ಆಟವನ್ನು ವಿವರಿಸುತ್ತಾನೆ. ಮೊಗಲರ ಕಡೆ ಹೆಚ್ಚು ಬಳಕೆಯಲ್ಲಿದ್ದದ್ದು ಎಂಟು ಜಾತಿಯ 96 ಎಲೆಗಳ ಕಟ್ಟು. ನಮ್ಮ ಜನ ಅದನ್ನು ತಮ್ಮದಾಗಿ ಮಾಡಿಕೊಂಡರು. ಹತ್ತು ಅವತಾರಗಳಿಗೆ ಹತ್ತು ಜಾತಿ, ಜಾತಿಗೆ ಒಬ್ಬ ರಾಜ, ಒಬ್ಬ ಮಂತ್ರಿ, ಒಂದರಿಂದ ಹತ್ತರವರೆಗೆ ಎಣಿಕೆಯ ಎಲೆ, ಒಟ್ಟು 120. ಇದೇ ದಶಾವತಾರ ಗಂಜೀಫಾ. ಮತ್ಸ್ಯಕ್ಕೆ ಮೀನು, ಕೂರ್ಮಕ್ಕೆ ಆಮೆ, ಪರಶುರಾಮನಿಗೆ ಕೊಡಲಿ, ಹೀಗೆ ಗುರುತು. ಕೆಲವು ಜಾತಿಗಳ ಗುರುತು ಪ್ರಾಂತದಿಂದ ಪ್ರಾಂತಕ್ಕೆ ಬೇರೆಯಾಗುತ್ತದೆ. ಮಹಾರಾಷ್ಟ್ರದ ಸಾವಂತವಾಡಿ, ಬಂಗಾಳದ ಬಿಷ್ಣುಪುರ, ಒಡಿಶಾ, ನಮ್ಮ ಮೈಸೂರು, ಒಂದೊಂದು ಕಡೆ ಒಂದೊಂದು ಕೈವಾಡ.

ಮೈಸೂರಿನ ಮಾತೇ ಬೇರೆ. ಮುಮ್ಮಡಿ ಕೃಷ್ಣರಾಜ ಒಡೆಯರು 1831ರಲ್ಲಿ ರಾಜ್ಯಭಾರವನ್ನು ಕಂಪನಿಯವರಿಗೆ ಬಿಟ್ಟುಕೊಡಬೇಕಾಗಿ ಬಂದಮೇಲೆ, 1868ರಲ್ಲಿ ತೀರಿಕೊಳ್ಳುವವರೆಗೂ ಸಾಹಿತ್ಯ, ಚಿತ್ರ, ಚದುರಂಗಗಳಲ್ಲಿ ಮನಸ್ಸಿಟ್ಟವರು. ಅವರ ಹೆಸರಿನ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೊನೆಯದು ಕೌತುಕನಿಧಿ. ಅಲ್ಲಿ ಎಲೆಯಾಟಗಳ ಹದಿಮೂರು ಬಗೆಗಳ ವಿವರಣೆಯಿದೆ. ಕಡಿಮೆಯದಕ್ಕೆ 36 ಎಲೆ, ಹೆಚ್ಚಿನದಕ್ಕೆ 360. ಅಲ್ಲಿ ಆಟಕ್ಕೆ 'ಛದ' ಎಂಬ ಹೆಸರು. ಅಮರಕೋಶದಲ್ಲಿ ಎಲೆಯ ಪರ್ಯಾಯ ಪದಗಳ ಸಾಲಿನಲ್ಲಿ ಈ ಛದವೂ ಇದೆ. ಇಸ್ಪೀಟು ಪರದೇಶದ್ದಾದರೂ ನಾವು 'ಇಸ್ಪೀಟೆಲೆ' ಎನ್ನುವುದಿಲ್ಲವೆ? ಎಲೆ ಎಂಬ ಆ ಮಾತು ಎಷ್ಟು ಸಹಜವಾಗಿ ಬಂದು ಕೂಡಿಕೊಂಡಿದೆ ನೋಡಿ. ಇರಲಿ, ಪಂಡಿತನ ಚಪಲ, ವಿಷಯಕ್ಕೆ ಬರುತ್ತೇನೆ.

ಕಟ್ಟು ಕೈಗೆ ಬಂದೊಡನೆ ಮಾಡಬೇಕಾದ ಕೆಲಸ ಎಣಿಸುವುದು. ಬೆಲೆ ಕೇಳುವುದಲ್ಲ, ಒರಸುವುದಂತೂ ಅಲ್ಲ. ಕೈ ತೊಳೆದು ಚೆನ್ನಾಗಿ ಆರಿಸಿಕೊಂಡು, ಚಾಪೆಯ ಮೇಲೆ ಒಗೆದ ಬಿಳಿಯ ಪಂಚೆ ಹಾಸಿ, ಎಲೆಗಳನ್ನು ಅಂಚಿನಲ್ಲಿ ಹಿಡಿದು ಹರಡಬೇಕು. ಸಾಮಾನ್ಯವಾಗಿ ಒಂದೊಂದು ಜಾತಿಗೆ ಒಂದೊಂದು ನೆಲಬಣ್ಣ ಇರುವುದರಿಂದ ವಿಂಗಡಿಸುವುದು ಸುಲಭ. ಆದರೆ ಹೊಗೆ ಹಿಡಿದ ಹಳದಿ ಕಿತ್ತಳೆಯಂತೆ ಕಾಣುವುದುಂಟು, ಮಾಸಿದ ನೀಲಿ ಕಪ್ಪಾಗಿರುವುದುಂಟು. ಆದುದರಿಂದ ಬಣ್ಣವನ್ನು ನಂಬಿ ಗುರುತನ್ನು ಬಿಡಬೇಡಿ. ನಾನು ಮಕ್ಕಳ ಹಾಜರಿ ಪುಸ್ತಕದಂತೆ ಹತ್ತು ಸಾಲು, ಹನ್ನೆರಡು ಮನೆ ಎಳೆದು ಒಂದೊಂದೇ ಎಲೆಗೆ ಗುರುತು ಹಾಕಿದೆ. 117 ಹಾಜರು, ಮೂರು ಗೈರು: ವರಾಹದ ಒಂಬತ್ತು, ಕಲ್ಕಿಯ ಒಂದು, ಮತ್ತು ರಾಮನ ರಾಜ. ವ್ಯಾಪಾರಿ ಹತ್ತು ಬಿಟ್ಟು ಒಂಬತ್ತನ್ನೇ ಕೇಳಿದ್ದೇಕೆಂದು ಆಗ ತಿಳಿಯಿತು. ಅವನು ಕಣ್ಣಲ್ಲೇ ಎಣಿಸಿದ್ದ.

ಎಣಿಕೆ ಮುಗಿಸಿ ಕುಳಿತಿದ್ದಾಗ ನಮ್ಮ ಬೀದಿಯ ನೇಯ್ಗೆಯವರೊಬ್ಬರು ಯಾವುದೋ ನೋಟೀಸು ಓದಿಸಿಕೊಳ್ಳಲು ಬಂದರು. ನಮ್ಮೂರಿನಲ್ಲಿ ಮಗ್ಗದ ಸದ್ದಿಲ್ಲದ ಬೀದಿ ಕಡಿಮೆ. ಅವರು ರೇಷ್ಮೆ ಸೀರೆಯಲ್ಲಿಯೇ ತಲೆ ನರೆಸಿದವರು. ಎಲೆಗಳನ್ನು ನೋಡಿ, ಚಿತ್ರದ ಕಡೆ ಕಣ್ಣು ಹಾಯಿಸದೆ, ಒಂದನ್ನು ಎತ್ತಿ ಬೆನ್ನು ತಿರುಗಿಸಿದರು. "ಮೇಷ್ಟ್ರೇ, ಸೀರೆ ಮುಂದ್ಗಡೆ ಯಾವುದಾದ್ರೂ ಚೆನ್ನಾಗೇ ಕಾಣ್ತದೆ. ಹಿಂದ್ಗಡೆ ನೋಡಿ" ಎಂದರು. ನೋಡಿದೆವು. 115 ಎಲೆಗಳ ಬೆನ್ನು ಒಂದೇ ಬಗೆಯ ಇಟ್ಟಿಗೆಗೆಂಪು. ಕೂರ್ಮದ ಏಳು ಮತ್ತು ವಾಮನನ ಮೂರು ಮಾತ್ರ ಗಾಢವಾದ ಕುಂಕುಮದ ಕೆಂಪು, ಕೂದಲೆಳೆಯಷ್ಟು ದಪ್ಪ. ತಿರುಗಿಸಿ ಮುಖ ನೋಡಿದರೆ ಆಮೆಗಳ ಕಾಲು ಬೇರೆ ಕೈಯವು.

ಎಲೆಯಾಟದಲ್ಲಿ ಬೆನ್ನುಗಳೆಲ್ಲ ಒಂದೇ ಆಗಿರಬೇಕಾದುದು ನ್ಯಾಯ. ಬೆನ್ನಿನಲ್ಲಿ ಭೇದ ಕಂಡರೆ ಎದುರಾಳಿಗೆ ಗುಟ್ಟು ರಟ್ಟಾಗುತ್ತದೆ. ಆದುದರಿಂದ ಬರೆಯುವವನು ಬೆನ್ನಿನ ಬಣ್ಣವನ್ನು ಒಟ್ಟಿಗೆ ಬಳಿಯುತ್ತಿದ್ದ. ಎರಡು ಅರೆಕಟ್ಟುಗಳನ್ನು ಬೆರೆಸಿ ಒಂದು ಪೂರ್ಣ ಕಟ್ಟೆಂದು ಮಾರುವವನ ಮೋಸ ಮುಖದಲ್ಲಿ ಕಾಣದಿದ್ದರೂ ಬೆನ್ನಿನಲ್ಲಿ ಕಾಣುತ್ತದೆ. ಆದರೆ ನಮ್ಮ ಪೆಟ್ಟಿಗೆಯಲ್ಲಿದ್ದದ್ದು ಮೋಸವಲ್ಲ. ಎರಡೆಲೆ ಕಳೆದುಹೋದಾಗ ಆಟ ನಿಲ್ಲಬಾರದೆಂದು ಯಾರೋ ಹೊಸದಾಗಿ ಬರೆಸಿ ಸೇರಿಸಿದ್ದರು. ಕಟ್ಟುನಿಟ್ಟಿನ ಸಂಗ್ರಾಹಕನು ಈ ಎರಡನ್ನು ಕುಂದೆಂದು ಎಣಿಸುತ್ತಾನೆ. ನನಗೇನೋ ಆ ದಪ್ಪ ಕಾಲಿನ ಆಮೆಗಳ ಮೇಲೆಯೇ ಪ್ರೀತಿ ಹೆಚ್ಚು. ಆದರೂ ಕೊಳ್ಳುವವನಿಗೆ ಅದನ್ನು ಮುಚ್ಚಿಡದೆ ಹೇಳಬೇಕು.

ಇನ್ನು ಎಲೆಯ ಸ್ಥಿತಿಯ ವಿಚಾರ. ಅರಮನೆಗೆ ದಂತ, ಆಮೆಚಿಪ್ಪು, ಮುತ್ತಿನಚಿಪ್ಪುಗಳ ಎಲೆಗಳು ತಯಾರಾಗುತ್ತಿದ್ದವು. ಅವನ್ನು ದರ್ಬಾರ್ ಕಲಮ್ ಎನ್ನುತ್ತಾರೆ. ಜನಸಾಮಾನ್ಯರದು ಬಜಾರ್ ಕಲಮ್: ಬಟ್ಟೆ ಅಥವಾ ಕಾಗದವನ್ನು ಅಂಟಿನಿಂದ ಪದರ ಪದರವಾಗಿ ಕೂಡಿಸಿ, ಒಣಗಿಸಿ, ದುಂಡಗೆ ಕತ್ತರಿಸಿ, ನೆಲಬಣ್ಣ ಬಳಿದು, ಚಿತ್ರ ಬರೆದು, ಮೇಲೆ ಅರಗಿನ ಮೆರುಗು ಕೊಟ್ಟವು. ಅಂಟಿಗೆ ಹುಣಸೆಬೀಜವನ್ನು ಅರೆದು ಬೇಯಿಸಿ ಬಳಸುವುದು ಹಲವು ಕಡೆಯ ಪದ್ಧತಿ. ಈ ರಚನೆಯನ್ನು ತಿಳಿದರೆ ಕೇಡು ಎಲ್ಲಿಂದ ಬರುತ್ತದೆಂದು ತಾನಾಗಿಯೇ ಗೊತ್ತಾಗುತ್ತದೆ. ಅಂಟು ಹಿಟ್ಟಿನ ಜಾತಿಯದು, ಆದುದರಿಂದ ಹುಳಕ್ಕೆ ಆಹಾರ. ಪದರ ತೇವ ಕುಡಿದರೆ ಎಲೆ ದೋಣಿಯಂತೆ ಬಾಗುತ್ತದೆ. ಬಣ್ಣ ಗೋಂದಿನಲ್ಲಿ ಕಲಸಿದ್ದು. ಮೆರುಗು ಸವೆದ ಕಡೆ ನೀರು ತಗುಲಿದರೆ ಕರಗುತ್ತದೆ. ನನ್ನ ಕರವಸ್ತ್ರಕ್ಕೆ ಬಂದ ಹಸಿರಿನ ಕಾರಣ ಅದೇ. ನೀರು ಬೇಡ, ಸ್ಪಿರಿಟ್ಟಿನಲ್ಲಿ ಒರಸೋಣವೆಂದರೆ ಅದು ಇನ್ನೂ ಕೆಟ್ಟದ್ದು, ಅರಗು ಕರಗುವುದೇ ಸ್ಪಿರಿಟ್ಟಿನಲ್ಲಿ. ಮೆತ್ತನೆಯ ಒಣ ಕುಂಚದಿಂದ ಸಡಿಲ ಧೂಳನ್ನು ತಳ್ಳಬಹುದು. ಬಣ್ಣ ಚಕ್ಕೆ ಎದ್ದಿದ್ದರೆ ಅದೂ ಬೇಡ.

ಗಂಜೀಫಾ ದುಂಡಗೂ ದಪ್ಪವಾಗಿಯೂ ಇರುವುದರಿಂದ ಇಸ್ಪೀಟಿನಂತೆ ಕೈಯಲ್ಲಿ ಕಲೆಸಲು ಬರುವುದಿಲ್ಲ. ಬಟ್ಟೆಯ ಮೇಲೆ ಮುಖ ಕೆಳಗೆ ಮಾಡಿ ಹರಡಿ, ಅಂಗೈಯಿಂದ ಸುತ್ತಿಸಿ ಬೆರೆಸುತ್ತಿದ್ದರು. ಮೂವರು ಕುಳಿತು ಆಡುವ ಆಟ. 120ರಲ್ಲಿ ತಲೆಗೆ 40 ಎಲೆ. ಹೀಗೆ ಆಡಿದ ಕಟ್ಟಿನಲ್ಲಿ ಸವೆತ ಒಂದು ಕ್ರಮದಲ್ಲಿರುತ್ತದೆ: ಅಂಚು ತುಸು ಕಪ್ಪು, ಹೆಬ್ಬೆರಳು ಊರುವ ಕಡೆ ಮೆರುಗು ಮಂಕು, ನಡುಭಾಗದ ಬಣ್ಣ ಗಟ್ಟಿ. ಹೊಸದನ್ನು ಹಳತೆಂದು ಮಾರುವವರು ಚಹಾದ ನೀರನ್ನೋ ಹೊಗೆಯನ್ನೋ ಕೊಟ್ಟು ಇಡೀ ಎಲೆಯನ್ನು ಒಂದೇ ಸಮನೆ ಕಂದು ಮಾಡಿರುತ್ತಾರೆ. ಬೆರಳು ತಾಗದ ಮೂಲೆಯೂ ಬೆರಳು ತಾಗುವ ಅಂಚೂ ಒಂದೇ ವಯಸ್ಸಿನಂತೆ ಕಂಡರೆ ಸಂಶಯಪಡಿ. ಹಾಗೆಂದು ಹೊಸ ಎಲೆಗಳು ಕೀಳೆಂದಲ್ಲ. ಮೈಸೂರು ಗಂಜೀಫಾಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಇಂದಿಗೂ ಅದನ್ನು ಬರೆಯುವ ಕಲಾವಿದರಿದ್ದಾರೆ. ಹೊಸದನ್ನು ಹೊಸದೆಂದು ಹೇಳಿ ಮಾರಿದರೆ ಅದಕ್ಕೆ ಅದರದೇ ಮರ್ಯಾದೆ.

ಸ್ಥಿತಿಯನ್ನು ಇಷ್ಟು ಸೂಕ್ಷ್ಮವಾಗಿ ನೋಡಬೇಕೆ ಎಂದು ನೀವು ಕೇಳಬಹುದು. ನಾನು ಹುಡುಗನಾಗಿದ್ದ 1980ರ ದಶಕದ ಕೊನೆಯಲ್ಲಿ ಬಿಗ್ ಫನ್ ಎಂಬ ಚೂಯಿಂಗ್ ಗಮ್ಮಿನ ಜೊತೆಗೆ ಕ್ರಿಕೆಟ್ ಆಟಗಾರರ ಚಿತ್ರದ ಚೀಟಿ ಬರುತ್ತಿತ್ತು. 1987ರ ವಿಶ್ವಕಪ್ಪಿನಲ್ಲಿ ಭಾರತ ಬೆಂಗಳೂರಿನಲ್ಲಿ ನ್ಯೂಜಿಲೆಂಡಿನೊಡನೆ ಆಡಿದ ದಿನಗಳಲ್ಲಿ ನಮಗೆ ಅದರದೇ ಜಪ. ರಬ್ಬರ್ ಬ್ಯಾಂಡು ಸುತ್ತಿ ಚಡ್ಡಿಯ ಜೇಬಿನಲ್ಲಿಟ್ಟು, ಒದ್ದೆ ಕೈಯಲ್ಲಿ ಮುಟ್ಟಿ, ನೋಟ್‌ಬುಕ್ಕಿಗೆ ಅನ್ನ ಹಚ್ಚಿ ಅಂಟಿಸಿ ಎಲ್ಲವನ್ನೂ ಹಾಳುಮಾಡಿದೆವು. ಎಲ್ಲರೂ ಹೀಗೆ ಹಾಳುಮಾಡುವುದರಿಂದಲೇ ಹಾಳಾಗದೆ ಉಳಿದ ಒಂದಕ್ಕೆ ಬೆಲೆ ಬರುವುದು. ಅಮೆರಿಕದಲ್ಲಿ ಸಿಗರೇಟಿನ ಪೊಟ್ಟಣದಲ್ಲಿ ಬರುತ್ತಿದ್ದ ಬೇಸ್‌ಬಾಲ್ ಆಟಗಾರರ ಚೀಟಿಗಳಿಗೆ ಈಗ ದೊಡ್ಡ ಮಾರುಕಟ್ಟೆಯೇ ಇದೆ. ಮೂಲೆ, ಅಂಚು, ಮೇಲ್ಮೈ, ಚಿತ್ರ ನಡುವಿನಲ್ಲಿದೆಯೇ ಎಂಬುದು, ಇವನ್ನು ನೋಡಿ ಒಂದರಿಂದ ಹತ್ತರವರೆಗೆ ಅಂಕ ಕೊಡುವ ಸಂಸ್ಥೆಗಳಿವೆ. 1909ರಿಂದ 1911ರವರೆಗೆ ಅಚ್ಚಾದ ಮಾಲೆಯೊಂದರಲ್ಲಿ ಹೋನಸ್ ವಾಗ್ನರ್ ಎಂಬ ಆಟಗಾರನ ಚೀಟಿ ಬಹಳ ವಿರಳ. ಅದರ ಒಂದು ಪ್ರತಿಯನ್ನು 1991ರಲ್ಲಿ ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್ಕಿ ಪಾಲುದಾರನೊಡನೆ ಕೂಡಿ 4,51,000 ಡಾಲರಿಗೆ ಕೊಂಡರು. 2007ರಲ್ಲಿ ಅದು 28 ಲಕ್ಷ ಡಾಲರಿಗೆ ಕೈ ಬದಲಾಯಿತು. ಅಂಚು ಅಷ್ಟು ನೇರ, ಮೂಲೆ ಅಷ್ಟು ಚೂಪು. ಕಡೆಗೆ 2013ರಲ್ಲಿ, ಅದನ್ನು ಮೊದಲು ಮಾರಿದ್ದ ವ್ಯಾಪಾರಿ, ಅಂಚುಗಳನ್ನು ತಾನೇ ಕತ್ತರಿಸಿ ನೇರಮಾಡಿದ್ದಾಗಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡ. ಸುದ್ದಿ ಓದಿದಾಗ ನನಗೆ ನನ್ನ ಕರವಸ್ತ್ರ ನೆನಪಾಯಿತು. ಅವನದು ಆಸೆ, ನನ್ನದು ಅಜ್ಞಾನ. ಎಲೆಯ ಪಾಲಿಗೆ ಎರಡೂ ಒಂದೇ.

ಇನ್ನು ವಯಸ್ಸು. ಇಲ್ಲಿ ಪಂಡಿತನ ವಿದ್ಯೆ ತುಸು ಕೆಲಸಕ್ಕೆ ಬಂತು. ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲಿ ಮಸಿಯಿಂದ 'ವಿಕಾರಿ ಸಂವತ್ಸರದ ಆಶ್ವೀಜ' ಎಂದು ಬರೆದಿತ್ತು. ಮುಂದಿನ ಅಕ್ಷರಗಳು ಅಳಿಸಿವೆ. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುವುದರಿಂದ ವಿಕಾರಿ ಎಂದರೆ 1839 ಆದೀತು, 1899 ಆದೀತು, 1959ಊ ಆದೀತು. 1959 ಅಲ್ಲವೆಂಬುದಕ್ಕೆ ಅಜ್ಜಿಯೇ ಸಾಕ್ಷಿ. ಅದಕ್ಕೂ ಮುಂಚೆ ಆಕೆ ಸೊಸೆಯಾಗಿ ಬಂದಾಗಲೇ ಪೆಟ್ಟಿಗೆ ಹಳೆಯದಾಗಿತ್ತಂತೆ. ಉಳಿದ ಎರಡರಲ್ಲಿ ಯಾವುದು? ಹುಡುಗನಿಗೆ 1839 ಆಗಲೆಂದು ಆಸೆ. ಮುಮ್ಮಡಿಯವರ ಕಾಲದ್ದೆಂದರೆ ಬೆಲೆ ಎಲ್ಲಿಗೋ ಹೋಗುತ್ತದೆ. ನನಗೂ ಆ ಆಸೆ ಇರಲಿಲ್ಲವೆನ್ನಲಾರೆ.

ಆದರೆ ಬುದ್ಧನ ನಾಲ್ಕು ಎಂಬ ಎಲೆಯ ಅಂಚು ಬಿಟ್ಟುಕೊಂಡು ಪದರ ಕಾಣುತ್ತಿತ್ತು. ಭೂತಗನ್ನಡಿಯಿಂದ ನೋಡಿದರೆ ಒಳಪದರ ಅಚ್ಚಾದ ರದ್ದಿ ಕಾಗದ. ಕನ್ನಡ ಅಚ್ಚಿನಲ್ಲಿ ಅರ್ಧ ಸಾಲು, ಅದರಲ್ಲಿ 'ರೈಲು' ಎಂಬ ಮಾತು ಸ್ಪಷ್ಟ. ಬೆಂಗಳೂರು ದಂಡಿಗೆ ಜೋಲಾರಪೇಟೆಯಿಂದ ರೈಲು ಬಂದದ್ದು 1864ರಲ್ಲಿ. ಮೈಸೂರಿಗೆ ಬಂದದ್ದು 1882ರಲ್ಲಿ. ರೈಲಿನ ಮಾತು ಅಚ್ಚಾದ ರದ್ದಿಯಿಂದ ಕಟ್ಟಿದ ಎಲೆ 1839ರದಾಗುವುದು ಹೇಗೆ? ಪೆಟ್ಟಿಗೆಯ ಬರಹ ಪೆಟ್ಟಿಗೆಗೆ ಮಾತ್ರ ಸಾಕ್ಷಿ, ಎಲೆಗಳಿಗಲ್ಲ, ಎಂಬುದೂ ನಿಜ. ಆದರೆ ಎಲೆಗಳು ಪೆಟ್ಟಿಗೆಯಲ್ಲಿ ಅಳತೆ ತೆಗೆದಂತೆ ಕೂರುತ್ತಿದ್ದವು. ಎರಡನ್ನೂ ಒಟ್ಟಿಗೆ ಮಾಡಿಸಿದ್ದರೆ, ಅದು 1899, ಮೈಸೂರಿನಲ್ಲಿ ವಾಣೀವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿದ್ದ ಕಾಲ. ಹುಡುಗನ ಮುಖ ಸಣ್ಣಗಾಯಿತು. ಏನು ಮಾಡುವುದು? ನಾವು ಬೇಕೆಂದದ್ದನ್ನು ಹೇಳುವುದಿದ್ದರೆ ಆ ವ್ಯಾಪಾರಿಯೇ ಸಾಕಾಗಿದ್ದ.

ವಯಸ್ಸು ತಿಳಿಯುವುದು ಬೆಲೆಗಾಗಿ ಮಾತ್ರವಲ್ಲ, ಕಾನೂನಿಗಾಗಿಯೂ ಬೇಕು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ನೂರು ವರ್ಷ ಕಳೆದ ಚಿತ್ರ, ಶಿಲ್ಪ, ಕುಶಲ ಕೆಲಸಗಳು ಪ್ರಾಚ್ಯವಸ್ತುಗಳಾಗುತ್ತವೆ. ಅವುಗಳ ವ್ಯಾಪಾರ ಮಾಡುವವನಿಗೆ ಪರವಾನಗಿ ಬೇಕು. ಖಾಸಗಿಯವರು ಅವನ್ನು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಕೆಲವು ವರ್ಗಗಳನ್ನು ನೋಂದಾಯಿಸಲೂ ಬೇಕು. ನಿಮ್ಮದು ಅದರಲ್ಲಿ ಸೇರುತ್ತದೆಯೇ ಎಂದು ನೋಂದಣಾಧಿಕಾರಿಯನ್ನು ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ. ದಂತದ ಎಲೆಗಳಾದರೆ ವನ್ಯಜೀವಿ ಕಾಯಿದೆ ಅಡ್ಡ ಬರುತ್ತದೆ, ಮಾರುವ ಮಾತೇ ಇಲ್ಲ. ಬಂದವನನ್ನು 'ಪರವಾನಗಿ ತೋರಿಸಿ' ಎಂದು ಕೇಳಿ ನೋಡಿ. ನಮ್ಮ ಹುಡುಗ ಫೋನಿನಲ್ಲಿ ಕೇಳಿದ. ಆ ಕಡೆಯಿಂದ, ಒಂಬತ್ತೆಲೆಗೆಲ್ಲ ಅದು ಬೇಕಿಲ್ಲವೆಂಬ ಉತ್ತರ ಬಂತು.

ಒಂಬತ್ತೇ ಏಕೆಂಬುದನ್ನೂ ಯೋಚಿಸಿ. ರಾಜರ ಎಲೆಗಳು ಚೌಕಟ್ಟು ಹಾಕಿ ಗೋಡೆಗೆ ತೂಗಲು ಚೆಂದ, ಒಂದೊಂದಾಗಿ ಮಾರಾಟವಾಗುತ್ತವೆ. ಅವನ್ನು ತೆಗೆದ ಮೇಲೆ ಉಳಿದ 108 ಎಲೆಗಳನ್ನು ಯಾರೂ ಕಟ್ಟೆಂದು ಒಪ್ಪುವುದಿಲ್ಲ. ಹೋದ ಒಂಬತ್ತೂ ಒಂಬತ್ತು ಮನೆ ಸೇರಿದರೆ ಇಂಥ ಪೆಟ್ಟಿಗೆಯವೆಂದು ಮುಂದೆ ಯಾರೂ ತೋರಿಸಲಾರರು. ಕಟ್ಟಾಗಿ ನೋಡಿದವನಿಗೆ ಮಾತ್ರ ಬೆನ್ನಿನ ಕೆಂಪು, ರೈಲಿನ ರದ್ದಿ, ವಿಕಾರಿಯ ಮಸಿ ಎಲ್ಲವೂ ಒಂದಕ್ಕೊಂದು ಸಾಕ್ಷಿ ಹೇಳುತ್ತವೆ. ಮುಂಬಯಿಯಲ್ಲಿ ನೆಲೆಸಿದ್ದ ಜರ್ಮನ್ ಮೂಲದ ಕಲಾವಿಮರ್ಶಕ ರುಡಾಲ್ಫ್ ಫಾನ್ ಲೈಡನ್ ಭಾರತದ ಎಲೆಗಳನ್ನು ಸಂಗ್ರಹಿಸಿ, 1973ರಲ್ಲಿ ಮೈಸೂರಿನ ಛದಗಳ ಮೇಲೆಯೇ ಪುಸ್ತಕ ಬರೆದರು. 1982ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿ ಗಂಜೀಫಾ ಪ್ರದರ್ಶನವೇ ನಡೆಯಿತು. ಕಟ್ಟುಗಳನ್ನು ಕಟ್ಟುಗಳಾಗಿ ಉಳಿಸಿದ್ದವರಿಂದ ಇದೆಲ್ಲ ಸಾಧ್ಯವಾಯಿತು.

ಹಣದ ಲೆಕ್ಕಕ್ಕೆ ನನ್ನ ಸಲಹೆ ಸರಳ. ಕೇಳಿದ ಬೆಲೆ ಬೇರೆ, ಮಾರಿಹೋದ ಬೆಲೆ ಬೇರೆ. ಅಂತರ್ಜಾಲದಲ್ಲಿ ಯಾರೋ ಲಕ್ಷ ಎಂದು ಹಾಕಿದ ಮಾತ್ರಕ್ಕೆ ನಿಮ್ಮದು ಲಕ್ಷವಾಗುವುದಿಲ್ಲ. ಹರಾಜು ಸಂಸ್ಥೆಗಳು ಮಾರಾಟವಾದ ಬೆಲೆಗಳನ್ನು ಪ್ರಕಟಿಸುತ್ತವೆ. ಅಲ್ಲಿ ನಿಮ್ಮ ಕಟ್ಟಿನಂಥದೇ, ಅಷ್ಟೇ ಎಲೆಯ, ಅದೇ ಸ್ಥಿತಿಯ ಕಟ್ಟನ್ನು ಹುಡುಕಿ. ಒಬ್ಬರಿಗೊಬ್ಬರು ಪರಿಚಯವಿಲ್ಲದ ಇಬ್ಬರು ಬಲ್ಲವರಿಗೆ ಬೇರೆ ಬೇರೆ ತೋರಿಸಿ. ಪ್ರತಿ ಎಲೆಯ ಮುಖ, ಬೆನ್ನು ಎರಡರ ಫೋಟೋ ತೆಗೆದಿಟ್ಟ ಮೇಲೆಯೇ ಪೆಟ್ಟಿಗೆ ಮನೆ ದಾಟಲಿ.

ಇಷ್ಟನ್ನೂ ಹೇಳುವುದು ನನಗೆ ಸುಲಭವಾಗಿತ್ತು. ಶುಲ್ಕ ಕಟ್ಟಬೇಕಾದವನು ನಾನಲ್ಲವಲ್ಲ. 'ಬಿಡಿಸಿ ಮಾರಬೇಡ' ಎಂದದ್ದಕ್ಕೆ ಹುಡುಗ ತಲೆಯಾಡಿಸಿದ. ಆ ತಲೆಯಾಡಿಕೆಯಲ್ಲಿ ಉಪಾಧ್ಯಾಯನ ಮೇಲಿನ ಗೌರವ ಎಷ್ಟು, ಒಪ್ಪಿಗೆ ಎಷ್ಟು ಎಂದು ನನಗೆ ತಿಳಿಯಲಿಲ್ಲ. ಬ್ಯಾಂಕಿನ ಶಿಕ್ಷಣಸಾಲಕ್ಕೆ ಅರ್ಜಿ ತುಂಬಿಸಿಕೊಟ್ಟು, ಪೆಟ್ಟಿಗೆ ಹಿಂದಿರುಗಿಸಲು ನಾನೇ ಅವನೊಡನೆ ದೇವನಹಳ್ಳಿಗೆ ಹೋದೆ. ಅಜ್ಜಿಯ ಮುಂದೆ ಪರಶುರಾಮನ ಮಂತ್ರಿಯನ್ನಿಟ್ಟು ನಡೆದದ್ದನ್ನು ಹೇಳಿದೆ. ಆಕೆ ಎಲೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ಹೋಗ್ಲಿ ಬಿಡಿ ಮೇಷ್ಟ್ರೇ. ನಮ್ಮತ್ತೆ ಇದರ ಮೇಲೆ ಹರಳೆಣ್ಣೆ ಚೆಲ್ಲಿದ್ರು. ನೀವು ನೀರು ಹಾಕಿದ್ರಿ" ಎಂದರು. ಆ ಕಪ್ಪು ಜಿಡ್ಡಿನ ಮೂಲ ಹೀಗೆ ತಿಳಿಯಿತು.

ಆಮೇಲೆ ಗೈರುಹಾಜರಾದ ಮೂರೆಲೆಗಳ ಮಾತು ತೆಗೆದೆ. ವರಾಹದ ಒಂಬತ್ತೂ ಕಲ್ಕಿಯ ಒಂದೂ ಆಕೆ ಕಂಡಿಲ್ಲವಂತೆ. ರಾಮನ ರಾಜ ಎಂದೊಡನೆ ಎದ್ದು, ಗೋಡೆ ಹಿಡಿದುಕೊಂಡು ದೇವರ ಮನೆಯ ಬಾಗಿಲಿಗೆ ಹೋಗಿ ಕೈ ತೋರಿಸಿದರು. ಮಂಟಪದೊಳಗೆ, ಸಾಲಿಗ್ರಾಮದ ಪಕ್ಕದಲ್ಲಿ, ದುಂಡು ಎಲೆ. ರಾಮ, ಸೀತೆ, ಕಾಲ ಬಳಿ ಹನುಮಂತ. ಅರವತ್ತು ವರ್ಷಗಳ ಕುಂಕುಮ, ಗಂಧ, ದೀಪದ ಹೊಗೆ ಅದರ ಮೇಲಿತ್ತು. ಅತ್ತೆ ತೀರಿಕೊಂಡ ವರ್ಷ ಕಟ್ಟಿನಿಂದ ತೆಗೆದು ಅಲ್ಲಿಟ್ಟವರು ಈ ಅಜ್ಜಿಯೇ. ನಾನು ಇಷ್ಟು ಹೊತ್ತು ನಿಮಗೆ ಹೇಳಿದ ಲೆಕ್ಕದಂತೆ ನೋಡಿದರೆ ಆ ಎಲೆಯ ಸ್ಥಿತಿ ಅತ್ಯಂತ ಕನಿಷ್ಠ. ಆದರೂ ಅದು ಸೇರಿದರೆ ಹತ್ತು ರಾಜರೂ ಪೂರ್ಣ. ಕಟ್ಟಿನ ಬೆಲೆಯೇ ಬೇರೆ. ಹುಡುಗ ನನ್ನ ಮುಖ ನೋಡಿದ. ನಾನು ಬಾಯಿ ಬಿಡುವ ಮುಂಚೆಯೇ ಅಜ್ಜಿ, "ಅದು ಎಣಿಸೋ ಎಲೆ ಅಲ್ಲ" ಎಂದರು.

ಪಂಡಿತನಾದವನು ಸುಮ್ಮನಿರಬಾರದೆ? "ಅಲ್ಲ ಅಮ್ಮ, ಈ ಆಟದಲ್ಲಿ ಹಗಲು ಆಡಿದರೆ ರಾಮನ ಎಲೆ ಇದ್ದವರೇ ಮೊದಲು ಇಳಿಯಬೇಕಂತೆ. ಅವನಿಲ್ಲದೆ ಆಟ ಶುರುವಾಗುವುದು ಹೇಗೆ?" ಎಂದೆ.

"ರಾತ್ರಿ ಆದ್ರೆ ಕೃಷ್ಣ ಅಲ್ವಾ? ಅವನು ಪೆಟ್ಟಿಗೇಲೇ ಇದಾನಲ್ಲ. ಕೊಳ್ಳೋರು ರಾತ್ರಿ ಹೊತ್ತು ಆಡ್ಕೊಳ್ಳಲಿ" ಎಂದು ಅಜ್ಜಿ ದೇವರ ಮನೆಯ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡರು.